ಹವಳ ಕೊರೆಯುವವಳು

ಮೊದಲ ಕಲೆ ಬಿದ್ದದ್ದು ಕೆಲಸದ ಸ್ಟೂಲಿನ ಮೇಲೆ.
ತಿಂಗಳ ದಿನವಲ್ಲ, ಅದರ ಸುಳಿವೂ ಇರಲಿಲ್ಲ.
ಕೈಯಲ್ಲಿ ಅರ್ಧ ಕೆತ್ತಿದ ಹವಳದ ಗುಲಾಬಿ,
ಏಪ್ರನ್ನಿನ ತುಂಬ ಕೆಂಪು ಪುಡಿ,
ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ನನಗೂ,
ಎದ್ದು ನಿಲ್ಲುವವರೆಗೆ.

ತೊರ್ರೆ ದೆಲ್ ಗ್ರೇಕೊದ ಹೆಂಗಸರು
ಇಂಥದ್ದನ್ನು ಮೀನಂಗಡಿಯ ಹಿಂದೆ ನಿಂತು ಹೇಳಿಕೊಳ್ಳುತ್ತಾರೆ.
ನಾನು ಅಲ್ಲೂ ಹೇಳಲಿಲ್ಲ.
ಏಳು ತಿಂಗಳು ಕಪ್ಪು ಸ್ಕರ್ಟೇ ತೊಟ್ಟೆ.
ಯಾರು ಹೋದರು ಎಂದು ಕೇಳಿದಳು ಬ್ರೆಡ್ಡಿನವಳು.
ನಲವತ್ತೇಳಕ್ಕೆ ಇದೆಲ್ಲ ಇದ್ದದ್ದೇ, ಅಂದುಕೊಂಡೆ,
ಬತ್ತುವ ಮುಂಚೆ ಹೊಳೆ ಒಮ್ಮೆ ಉಕ್ಕುತ್ತದೆ.
ಆಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು,
ಉಗುರು ನೋಡಿದರೆ ಕಾಗದದ ಬಣ್ಣ.

ಸ್ಕ್ಯಾನಿನ ಪರದೆ ಬೂದು ಸಮುದ್ರ.
ಡಾಕ್ಟರ್ ಲೊರೆದಾನಾ ಬೆರಳಿಟ್ಟು ತೋರಿಸಿದರು:
"ಇಗೋ, ಪೊಲಿಪೊ. ಒಂದೂವರೆ ಸೆಂಟಿಮೀಟರು.
ತೊಟ್ಟಿನ ಮೇಲೆ ನಿಂತಿದೆ."
ನಕ್ಕುಬಿಟ್ಟೆ.
ಮೂವತ್ತು ವರ್ಷ ಪಾಲಿಪ್ಪುಗಳ ಮನೆ ಕೊರೆದೇ ಉಂಡವಳು ನಾನು.
ಹವಳವೆಂದರೆ ಮತ್ತೇನು?
ಸಾಸಿವೆಯಷ್ಟು ಬಾಯಿಗಳು ಸಾವಿರಗಟ್ಟಲೆ
ಕತ್ತಲ ನೀರಲ್ಲಿ ಕೂತು ಕಟ್ಟಿದ ಕಲ್ಲು.
ಅವುಗಳಲ್ಲೊಂದು ಈಗ ಸಾಲ ವಸೂಲಿಗೆ ಬಂದು
ನನ್ನೊಳಗೇ ಬಿಡಾರ ಹೂಡಿದೆಯೆ?

"ಅದು ಪ್ರಾಣಿಯಲ್ಲ, ನುನ್ಸಿಯಾ. ಹೊರಗಿನದೂ ಅಲ್ಲ.
ತಿಂಗಳಿಗೊಮ್ಮೆ ಬೆಳೆದು ಕಳಚುವ ನಿಮ್ಮದೇ ಒಳಪದರ.
ಒಂದು ಮೂಲೆ ಕಳಚಲು ಮರೆತು ಬೆಳೆಯುತ್ತ ಹೋಗಿದೆ."
"ಕ್ಯಾನ್ಸರ್?"
ಆ ಒಂದು ಪದಕ್ಕೆ ನನ್ನ ದನಿ ನನ್ನದಾಗಿರಲಿಲ್ಲ.
"ಬಹುಪಾಲು ಅಲ್ಲ. ಆದರೆ ಬಹುಪಾಲನ್ನು ನಂಬಿ ಕೂರುವವಳಲ್ಲ ನಾನು,
ತೆಗೆದು ಪರೀಕ್ಷೆಗೆ ಕಳಿಸುತ್ತೇನೆ."
ಆ ಮಾತಿಗೇ ಆಕೆ ನನಗೆ ಇಷ್ಟವಾದರು.

ಅಮ್ಮನ ಕಿವಿಗೆ ಬಿದ್ದದ್ದು ಅಕ್ಟೋಪಸ್ಸು.
ನಮ್ಮ ಕಡೆ ಬಾಯಿಮಾತಲ್ಲಿ ಎರಡಕ್ಕೂ ಒಂದೇ ಹೆಸರು, ಏನು ಮಾಡುವುದು.
"ಎಂಟು ಕೈಯದೆ?" ಎಂದಳು, ಈರುಳ್ಳಿ ಹೆಚ್ಚುವುದು ನಿಲ್ಲಿಸಿ.
ಆಮೇಲೆ, ಪಿಸುಮಾತಲ್ಲಿ:
ತನಗೂ ಹೀಗೇ ಹೋಗುತ್ತಿತ್ತಂತೆ,
ಇಡೀ ಗರ್ಭಕೋಶವನ್ನೇ ತೆಗೆದುಹಾಕಿದರಂತೆ.
ಯಾಕೆಂದು ಡಾಕ್ಟರು ಅಪ್ಪನಿಗೆ ಹೇಳಿದರು.
ಅಪ್ಪ ಅಮ್ಮನಿಗೆ ಹೇಳಲಿಲ್ಲ.
ಚಾಕು ಮತ್ತೆ ಹಲಗೆಗೆ ಬಡಿಯತೊಡಗಿತು.

ಬೆಳಿಗ್ಗೆ ಎಂಟಕ್ಕೆ. ಬೆನ್ನ ಕೆಳಗೆ ಕಾಗದದ ಹಾಸು.
ಪೆನ್ಸಿಲ್ಲಿಗಿಂತ ತೆಳು ಕೊಳವೆ, ತುದಿಗೆ ದೀಪ, ಕಣ್ಣು;
ಉಪ್ಪುನೀರು ಬಿಟ್ಟು ಒಳಗೋಡೆ ಅರಳಿಸಿದರು.
ಉಪ್ಪುನೀರು!
ಅಜ್ಜಂದಿರು ಸಮುದ್ರಕ್ಕೆ ಇಳಿಯುತ್ತಿದ್ದರು ಹವಳಕ್ಕೆ,
ಇಲ್ಲಿ ಸಮುದ್ರವೇ ಇಳಿದು ಬಂತು.
ನೋವಿತ್ತು. ಸುಳ್ಳು ಹೇಳಲಾರೆ.
ಮೊದಲ ದಿನದ ಹಿಂಡು, ಅದರ ಎರಡು ಪಟ್ಟು.
ಪರದೆಯನ್ನು ನನ್ನ ಕಡೆ ತಿರುಗಿಸಿ ಎಂದಿದ್ದೆ.
ಕಂಡೆ: ನುಣುಪು, ಎಳೆಗೆಂಪು,
ನೀರಿನ ಸೆಳೆತಕ್ಕೆ ತೂಗುತ್ತಿದ್ದದ್ದು.
ದೊನ್ ಚಿರೀಲ್ಲೊ ಅಂಥ ಬಣ್ಣಕ್ಕೆ ಗ್ರಾಮಿಗೆ ಎಷ್ಟಾದರೂ ಕೊಟ್ಟಾನು.

ಆಕೆಯ ಕೈಯ ಮುಟ್ಟು
ನನ್ನ ಮುಟ್ಟಿನ ಮನೆಯಲ್ಲಿ ಕೆಲಸಕ್ಕೆ ನಿಂತಿತು.
ಕಸುಬಿನವಳ ಕಣ್ಣಲ್ಲವೆ, ಸೀದಾ ಬುಡಕ್ಕೇ ಹೋಯಿತು:
"ಇನ್ನೂ ಕೆಳಗೆ," ಎಂದೆ. ನಿಜವಾಗಿ ಎಂದೆ.
ನರ್ಸು ನಕ್ಕಳು. ಡಾಕ್ಟರ್ ನಗಲಿಲ್ಲ,
ಬುಡ ಉಳಿದರೆ ಚಿಗುರೀತು ಎಂದು ಇಬ್ಬರಿಗೂ ಗೊತ್ತು.
ಕತ್ತರಿ ಸಣ್ಣದು, ಸದ್ದಿಲ್ಲ.
ಪುಟ್ಟ ಶೀಷೆಯಲ್ಲಿ ಮುಳುಗಿದ ಮೇಲೆ
ಅದಕ್ಕೆ ಬಣ್ಣವೇ ಇರಲಿಲ್ಲ.

ಹದಿನಾರು ದಿನ. ಕಬ್ಬಿಣದ ಮಾತ್ರೆ, ಬಾಯಲ್ಲಿ ತುಕ್ಕಿನ ರುಚಿ.
ಗುಲಾಬಿಯ ಒಂದು ಎಸಳು ಚಕ್ಕೆಯೆದ್ದಿತು,
ದೊನ್ ಚಿರೀಲ್ಲೊ ಸಂಬಳದಲ್ಲಿ ಹಿಡಿದ.

ವರದಿ ಬಂತು. ಕೇಡಿಲ್ಲ.
ಮತ್ತೆ ರಕ್ತ ಕಂಡರೆ ಏಳು ತಿಂಗಳು ಕಾಯಬೇಡಿ,
ಎಂದು ಡಾಕ್ಟರ್ ಕೈಬರಹದಲ್ಲಿ ಸೇರಿಸಿದ್ದರು.
ಅಮ್ಮನ ಅಡುಗೆಮನೆಯಲ್ಲಿ ಗಟ್ಟಿಯಾಗಿ ಓದಿದೆ,
ಅಳತೆ, ತೂಕ, ಕೋಶಗಳ ಹೆಸರು,
ಇಬ್ಬರಿಗೂ ಅರ್ಥವಾಗದ ಪದಗಳನ್ನೂ ಬಿಡದೆ.
"ಇದನ್ನೆಲ್ಲ ನಿನ್ನ ಕೈಗೇ ಕೊಟ್ಟರೆ?"
"ನನ್ನ ಕೈಗೇ."
ಕೈ ಒರೆಸಿಕೊಂಡಳು. ಕನ್ನಡಕ ಹುಡುಕಿ ತಂದಳು.
"ಎಲ್ಲಿ, ಇನ್ನೊಮ್ಮೆ," ಎಂದಳು,
"ಮೊದಲಿನಿಂದ."