ಬಳೆ ಇತ್ತಾ

ರಾತ್ರಿ ಎಷ್ಟು ಸಲ ಗುಡುಗಿತೋ ನನಗೆ ಗೊತ್ತಿಲ್ಲ,
ಪಿಳ್ಳತ್ತೆಗೆ ಗೊತ್ತು: ಏಳು ದೊಡ್ಡವು, ಒಂದು ಮರಿ.
"ಹುಬ್ಬೆ ಮಳೆ ಸುಮ್ಮನೆ ಗೊಣಗಲ್ಲ ಕಣೆ,
ಏಳು, ಹುತ್ತ ಬಾಯಿ ಬಿಟ್ಟಿರ್ತದೆ."

ಮಾರಿಕುಪ್ಪಂ ಗಾಡಿ ಟೇಕಲ್ ಬಿಡುವ ಹೊತ್ತಿಗೆ
ನಾವು ಬಂಡೆಗಳ ಸಂದಿಯಲ್ಲಿ.
ಕೆಳಗೆ ಬೆಳಕಿನ ಕಿಟಕಿಗಳು, ಊಟದ ಡಬ್ಬಿ ಹಿಡಿದ ಜನ.
ಮೇಲೆ ತಂಗಡಿ, ಬಂದರಿಕೆ, ಲಂಟಾನದ ಮುಳ್ಳು,
ಮೊಣಕಾಲಿನ ತನಕ ಒದ್ದೆ ಸೀರೆ.
ಅತ್ತೆಯ ಎರಡೂ ಕಣ್ಣಿಗೆ ಪೊರೆ,
ಕೋಲಾರದ ಡಾಕ್ಟರು ದಸರಾ ಕಳೆದು ಬನ್ನಿ ಅಂದಿದ್ದಾರೆ.
ಕೈ ನನ್ನ ಭುಜದ ಮೇಲೆ, ದಾರಿ ಮಾತ್ರ ಅವಳದೇ:
"ಎಡಕ್ಕೆ. ಕಗ್ಗಲಿ ಮರ ದಾಟಿದೆವಾ? ಈಗ ಮೂಗು ಬಿಡು."

ಬಿಟ್ಟೆ.
ಹಸಿ ಮಣ್ಣು, ಆಡಿನ ಹಿಕ್ಕೆ,
ಅದರಾಚೆ ಆಗಷ್ಟೇ ಬೀಸಿದ ಹಿಟ್ಟಿನಂಥದೊಂದು.

"ಅಗೋ" ಅಂತ ಬೆರಳು ಚಾಚಿದೆ.
ಬಿತ್ತು ಕೈಮೇಲೆ ಏಟು. ಪೊರೆ ಬಂದ ಕಣ್ಣಿಗೆ
ಅಷ್ಟು ಗುರಿ ಹೇಗೆ ಸಿಕ್ಕಿತೋ.
"ತೋರಿಸಿದರೆ ಕೊಳೀತವೆ. ಬೆರಳು ಮಡಚು."
ಮಡಚಿದ ಬೆರಳಲ್ಲೇ ಎಣಿಸಿದೆ, ಮೂವತ್ತು, ನಲವತ್ತು,
ಹುತ್ತದ ಬೆನ್ನ ತುಂಬ ಅಡ್ಡಾದಿಡ್ಡಿ
ಮದುವೆ ಮನೆ ಮುಂದೆ ಬಿಟ್ಟ ಚಪ್ಪಲಿಗಳು.

ಅವಳಮ್ಮ ತೆಲುಗಿನವಳು, ಪುಟ್ಟಗೊಡುಗು ಅನ್ನುತ್ತಿದ್ದಳಂತೆ.
ಅತ್ತೆ ಬೈಯುವುದು ಕನ್ನಡದಲ್ಲಿ, ಅಣಬೆ ಕೀಳುವುದು ತೆಲುಗಿನಲ್ಲಿ:
"ರಾ ತಲ್ಲಿ, ರಾ."
ಬುಡಕ್ಕೆ ಬೆರಳಿಳಿಸಿ, ಗೇಣುದ್ದದ ಬೇರು ಹರಿಯದಂತೆ,
ನಿದ್ದೆಹೋದ ಮಗುವಿನ ಕಿವಿಯಿಂದ ಓಲೆ ಬಿಚ್ಚುವಂತೆ.

ಒಂದೊಂದನ್ನೂ ತಡವಿ ಪಾಠ:
"ನೆತ್ತಿ ಮುಟ್ಟು, ಮೊಳೆ ಚುಚ್ತದಾ? ನಮ್ಮದು.
ಬುಡದಲ್ಲಿ ಬೇರೈತಾ? ನಮ್ಮದು.
ಕೊರಳಲ್ಲಿ ಬಳೆ ಇದ್ರೆ ನಂಬಬೇಡ,
ಎಷ್ಟೇ ಬೆಳ್ಳಗಿರಲಿ."
"ವಿಷ ಇದ್ರೆ ಬೆಳ್ಳುಳ್ಳಿ ಕಪ್ಪಾಗ್ತದಂತಲ್ಲ?"
"ಹಂಗಂದ ಬೋಡಪ್ಪ, ಬೆಳ್ಳುಳ್ಳಿ ಬೆಳ್ಳಗೇ ಇದ್ದ ಸಾರು ಉಂಡು
ಮೂರು ದಿನ ಆಸ್ಪತ್ರೇಲಿದ್ದ."

ಎಲೆಅಡಿಕೆಗೆಂದು ಅವಳು ಬಂಡೆಗೊರಗಿದಾಗ
ನಾನೊಬ್ಬಳೇ ಲಂಟಾನದ ಆಚೆ ಹೋದೆ.
ಬಯಲಲ್ಲಿ ನಾಲ್ಕು. ತಟ್ಟೆಯಗಲ. ಹಾಲಿನ ಬಣ್ಣ.
ಯಾರೂ ಮೂಗು ಬಿಡು ಅನ್ನದೆ ಸಿಕ್ಕಿದ, ನನ್ನವೇ ನಾಲ್ಕು.
ಮುತ್ತುಗದೆಲೆ ಹಾಸಿದ ಬುಟ್ಟಿಗೆ ಸೇರಿಸಿದೆ.
ಹೇಳಲಿಲ್ಲ.

ಮನೆಯಲ್ಲಿ ಅತ್ತೆ ತೊಳೆದು ಸೀಳಿದಳು. ನಾನು ಒಳಗೆ ಖಾರ ರುಬ್ಬಿದೆ,
ಹುರಿಗಡಲೆ, ಗಸಗಸೆ, ಚಕ್ಕೆ, ಕಾಯಿ.
ಮುದ್ದೆ ತಿರುವಿದೆ.
ಈ ಮನೆಯ ಕಾನೂನು ಹಳೆಯದು:
ಅಣಬೆ ಸಾರು ಮೊದಲು ಉಣ್ಣುವುದು ಹಿರಿಯರು,
ಮಿಕ್ಕವರು ಹೊತ್ತು ಮುಳುಗುವ ತನಕ ಕಾಯಬೇಕು.

ಅವಳು ಎರಡನೇ ತುತ್ತು ನುಂಗುವಾಗ
ನೆನಪಾದವು ಆ ನಾಲ್ಕು.
ನೆತ್ತಿ ಮುಟ್ಟಿದ್ದೆನಾ? ಬೇರು?
ಬಳೆ ಇತ್ತಾ?
ಬಾಯಿ ತೆರೆದೆ. "ಉಪ್ಪು ಕಮ್ಮಿ" ಅಂದಳು ಅತ್ತೆ.
ಆಡಬೇಕಾದ ಮಾತಿನ ಬದಲು ಉಪ್ಪು ಬಡಿಸಿದೆ.

ಅವಳು ಮಲಗಿದಳು. ನಾನು ಕೂತೆ.
ಒಂದೂವರೆ ಗಾಡಿ ಹೋಯಿತು. ಮೂಗಿನ ಹತ್ತಿರ ಕೈ ಹಿಡಿದೆ.
ಗೂಡ್ಸ್ ಹೋಯಿತು, ಐವತ್ತೆಂಟು ಡಬ್ಬಿ. ಭುಜ ಅಲುಗಿಸಿದೆ.
"ಏನೇ?"
"ನೀರು ಬೇಕಾ ಅತ್ತೆ?"
"ಬೇಡ."
ನೆರಳು ಹೊಸಿಲು ದಾಟಿತು. ಮತ್ತೆ ಅಲುಗಿಸಿದೆ.
"ಹೊಟ್ಟೇಲಿ ಏನಾದರೂ..."
"ಹೊಟ್ಟೆ ಮಲಗೈತೆ. ನೀನೊಬ್ಬಳೇ ಎದ್ದಿರೋದು."

ಸಂಜೆ ಮುಸುರೆ ಚೆಲ್ಲಲು ತಿಪ್ಪೆಗೆ ಹೋದರೆ
ಬೂದಿಯ ಮೇಲೆ ಅಂಗಾತ ಬಿದ್ದಿದ್ದವು, ನಾಲ್ಕೂ.
ಬೆಳಗ್ಗೆ ಬಿಳಿಯಿದ್ದ ಮಡಿಕೆಗಳು
ಕೆರೆಯ ಪಾಚಿಯ ಬಣ್ಣಕ್ಕೆ ತಿರುಗಿದ್ದವು.
ಒಂದೊಂದರ ಕೊರಳಲ್ಲೂ ತೆಳ್ಳಗೆ ಬಳೆ.

ಎಷ್ಟು ಹೊತ್ತು ನಿಂತೆನೋ.
ಒಳಗೆ ತಟ್ಟೆ ಇಟ್ಟ ಸದ್ದು.
"ಸುಗುಣಾ, ಹೊತ್ತು ಮುಳುಗಿತಾ?
ನನಗೇನು ಕಾಣ್ತದೆ, ನೀನೇ ನೋಡಿ ಹೇಳು.
ಮುಳುಗಿದ್ರೆ ಬಾ, ಉಣ್ಣು."