ಇತರೆ

ಶನಿವಾರದ ಪೇಪರು, ಆರನೇ ಪುಟ, ಎಡಮೂಲೆ,
ಮೂಲವ್ಯಾಧಿ ಜಾಹೀರಾತಿನ ನೆತ್ತಿಯ ಮೇಲೆ
ನಮ್ಮ ವಿಭಾಗದ ಸುದ್ದಿ:
"ಸಮಾಜಶಾಸ್ತ್ರ ವಿಭಾಗದಿಂದ ಸಮೀಕ್ಷಾ ವರದಿ ಬಿಡುಗಡೆ.
ಕುಲಪತಿಗಳು, ಕುಲಸಚಿವರು,
ಮುಖ್ಯಸ್ಥರಾದ ಪ್ರೊ. ವಾಮದೇವಪ್ಪ
ಮತ್ತು ಇತರರು ಉಪಸ್ಥಿತರಿದ್ದರು."

ಅಟೆಂಡರ್ ತಿಪ್ಪೇರುದ್ರ ಅದನ್ನು ಕತ್ತರಿಸಿ
ನೋಟಿಸ್ ಬೋರ್ಡಿಗೆ ಚುಚ್ಚಿದ,
ಹೋದ ವರ್ಷದ ಹಾಜರಾತಿ ಕೊರತೆಯ ಪಟ್ಟಿಯ ಮೇಲೇ.
ಪಿನ್ನು ಸಾಲದೆ ಒಂದು ಮೂಲೆ
ಫ್ಯಾನಿನ ಗಾಳಿಗೆ ಪಟಪಟ ಅನ್ನುತ್ತಿದೆ.
"ಇದರಾಗ ನೀ ಎಲ್ಲಿದ್ದಿ ಹುಲಿಗೆಮ್ಮ?"
ತೋರಿಸಿದೆ: "ಇತರರು ಐತಲ್ಲ,
ಅದರಾಗ ನಡುವಿನ ರ ನಾನು."

ಏಪ್ರಿಲ್ಲಿನಲ್ಲಿ ನಾವು ಆರು ಮಂದಿ
ಮುನ್ನೂರಾ ಹನ್ನೆರಡು ಮನೆ ಹೊಕ್ಕೆವು.
ಕೌಲ್ ಬಜಾರ್, ಮಿಲ್ಲರ್‌ಪೇಟೆ, ಬಂಡಿಹಟ್ಟಿ.
ಕೋಟೆ ಬೆಟ್ಟ ಹಗಲೆಲ್ಲ ಬಿಸಿಲು ಕಡ ತಂದು
ರಾತ್ರಿಯೆಲ್ಲ ಊರಿಗೆ ತೀರಿಸುತ್ತಿತ್ತು.
ಓಣಿಯಲ್ಲಿ ಮನುಷ್ಯರಿಗಿಂತ ಪ್ಯಾಂಟು ಹೆಚ್ಚು:
ಕಾಲು ಒಂದು ಮನೆಯಲ್ಲಿ, ಜೇಬು ಇನ್ನೊಂದರಲ್ಲಿ,
ಗುಂಡಿ ಹೊಡೆಯುವವನು ಮೂರನೇ ತಿರುವಿನಲ್ಲಿ.
ಚರಂಡಿಯ ನೀರೂ ನೀಲಿ.

ನೂರಾ ನಲವತ್ತೇಳನೇ ಮನೆ. ಮಾಬುನ್ನಿ.
ವಯಸ್ಸು? "ಮೂವತ್ತೆಂಟು ಬರ್ಕೊಳ್ರಿ."
ಓದು? "ನಾಲ್ಕನೇತ್ತ. ಅದೂ ಅರ್ಧ."
ಉದ್ಯೋಗ?
"ಏನಿಲ್ರಿ, ಮನ್ಯಾಗ ಇರ್ತೀನಿ," ಅಂದಳು
ಮಡಿಲಿನ ಜೀನ್ಸಿಂದ ದಾರ ಕತ್ತರಿಸುತ್ತ.
ಕಾಲ ಬಳಿ ಇನ್ನೂ ಐವತ್ತು, ಬಾಗಿಲ ಹಿಂದೆ ನೂರು,
ಮಲಗಿದ್ದ ಕೂಸಿಗೆ ದಿಂಬೂ ಒಂದು ಕಟ್ಟು ಪ್ಯಾಂಟೇ.

ನನ್ನ ಫಾರಮ್ಮಿನಲ್ಲಿ
ಎಂಟು: ಗೃಹಿಣಿ. ಒಂಬತ್ತು: ಇತರೆ.
ಪೆನ್ನು ಎಂಟರ ಮೇಲೆ ನಿಂತಿತು,
ಒಂಬತ್ತಕ್ಕೆ ಹೋಯಿತು, ತಿರುಗಿ ಬಂತು.
"ಒಂದು ಪ್ಯಾಂಟಿಗೆ ಎಷ್ಟು ಕೊಡ್ತಾರವ್ವ?"
"ಎಂಬತ್ತು ಪೈಸೆ. ನಿಮಗ ಒಂದು ಫಾರಮ್ಮಿಗೆ?"

ಉತ್ತರ ಕೊಡುವವರೇ ಪ್ರಶ್ನೆ ಕೇಳಿದರೆ
ಏನು ಮಾಡಬೇಕೆಂದು ತರಬೇತಿಯ ಕೈಪಿಡಿಯ
ಹದಿನಾರೂ ಪುಟದಲ್ಲಿ ಬರೆದಿರಲಿಲ್ಲ.
"ಮೂವತ್ತೈದು," ಅಂದೆ. "ಬಿಲ್ ಪಾಸಾದರೆ."
ಅವಳು ತುಟಿಯಲ್ಲೇ ಲೆಕ್ಕ ಹಾಕಿ
"ಹಂಗಾರ ನೀನೂ ಪೀಸ್ ಲೆಕ್ಕದಾಕಿ," ಅಂದಳು.
ಅಲ್ಲಿಂದ ಮುಂದೆ ನನಗೆ ರೀ ಹಚ್ಚಲಿಲ್ಲ.

ಒಗ್ಗಾಣಿ ತರಿಸಿದಳು, ಮೇಲೆ ಎರಡು ಮಿರ್ಚಿ.
ಒಂದು ಕೈಯಲ್ಲಿ ತಿಂದೆ, ಇನ್ನೊಂದರಲ್ಲಿ
ಶೌಚಾಲಯ, ನಲ್ಲಿ, ರೇಷನ್ ಕಾರ್ಡು ಅಂತ ಟಿಕ್ ಹೊಡೆದೆ.
ಫಾರಮ್ಮಿಗೆ ಎಣ್ಣೆ ಹತ್ತಿತು.
ಏಳುವಾಗ "ತಡಿ" ಅಂದವಳೇ
ನನ್ನ ತೋಳಿನಿಂದ ಜೋಲುತ್ತಿದ್ದ ಎಳೆ ಹಿಡಿದು
ಕಚಕ್ ಅಂತ ಕತ್ತರಿಸಿದಳು.
"ಇದಕ್ಕ ರೊಕ್ಕ ಬ್ಯಾಡ."

ವರದಿಯಲ್ಲಿ ಅವಳು ನಾಲ್ಕನೇ ಅಧ್ಯಾಯದ ಆರನೇ ಕೋಷ್ಟಕ,
ಶೇಕಡಾ ಹನ್ನೊಂದೂವರೆಯ ಒಳಗೆ ಎಲ್ಲೋ.
ನಾನು ಕೊನೆಗೆ ಒಂಬತ್ತು ಹಾಕಿದ್ದೆ;
ಅಂಚಿನಲ್ಲಿ ಸಣ್ಣಗೆ
"ದಾರ ಕತ್ತರಿಸುವುದು, ಎಂಬತ್ತು ಪೈಸೆ" ಅಂತಲೂ ಬರೆದಿದ್ದೆ.
"ಅಂಚನ್ನು ಕಂಪ್ಯೂಟರ್ ಓದೋದಿಲ್ಲಮ್ಮ," ಅಂದರು ಸರ್.
ಬೈದದ್ದಲ್ಲ. ಅವರೂ ಒಂದು ಕಾಲಕ್ಕೆ
ಅಂಚಿನಲ್ಲಿ ಬರೆದವರೇ ಇರಬೇಕು.

ಬಿಲ್ಲು ಇನ್ನೂ ಹಣಕಾಸು ವಿಭಾಗದಲ್ಲಿದೆ.

ನಿನ್ನೆ ಪೇಪರಿನ ಒಂದು ಪ್ರತಿ ಮಾಬುನ್ನಿಗೆ ಒಯ್ದೆ.
ಫೋಟೋ ನೋಡಿದಳು, ಶಾಲು ಎಣಿಸಿದಳು,
ಕುಲಪತಿಗಳ ಪಕ್ಕದವರ ಪ್ಯಾಂಟಿಗೆ ಬೆರಳಿಟ್ಟು
"ಕೆಳಗಿನ ಮಡಿಕೆ ಸೊಟ್ಟ," ಅಂದಳು.
ಆಮೇಲೆ ನೆಲದ ದಾರದ ಚೂರೆಲ್ಲ ಗುಡಿಸಿ
ಆ ಪುಟದಲ್ಲೇ ಸುತ್ತಿ ಪಕ್ಕಕ್ಕಿಟ್ಟು
ಇನ್ನೊಂದು ಕತ್ತರಿ ನನ್ನ ಕಡೆ ಸರಿಸಿದಳು.
ಬಸ್ಸಿಗೆ ಇನ್ನೂ ಅರ್ಧ ತಾಸಿತ್ತು.