ಕೊನೆಯ ನಿಲ್ದಾಣದ ಕೀಲಿ

ನಮ್ಮೂರಿನ ಹೆಸರು ವೂಚ್. ಅಂದರೆ ದೋಣಿ.
ತೇಲಿಸೋಣವೆಂದರೆ ಒಂದು ಹೊಳೆ ಕಣ್ಣಿಗೆ ಬೀಳದು.
ಇದ್ದವನ್ನೆಲ್ಲ ಹತ್ತಿಗಿರಣಿಯ ಕಾಲದಲ್ಲೇ
ಕೊಳವೆಗೆ ತಳ್ಳಿ ಮೇಲೆ ಬೀದಿ ಹಾಸಿದರು.
ಕತ್ತಲಲ್ಲಿ ತಿರುಗಿ ಮುರುಗಿ ಹರಿಯುತ್ತವೆ ಈಗ,
ಮಳೆ ಹೆಚ್ಚಾದ ದಿನ ಗುಡುಗುಡು ಎನ್ನುತ್ತವೆ.
ಅವುಗಳ ಮೇಲೆ ನಾನು ಟ್ರಾಮು ಓಡಿಸುತ್ತೇನೆ,
ನನ್ನೊಳಗಿನ ಕೊಳವೆಯನ್ನು ಹೊತ್ತು.

ಬೆಳಗಿನ ನಾಲ್ಕೂಕಾಲು.
ತಿನ್ನುವುದಕ್ಕೆ ಇಪ್ಪತ್ತು ನಿಮಿಷ ಮೊದಲು ಬಿಳಿ ಕ್ಯಾಪ್ಸೂಲು.
ಆಮೇಲೆ ಅನ್ನ, ಒಂದು ಮೊಟ್ಟೆ,
ರಾತ್ರಿ ನೆನೆಹಾಕಿದ ಅಗಸೆಬೀಜದ ಲೋಳೆ
(ಗೋಡೆಗೆ ಪೋಸ್ಟರು ಅಂಟಿಸಬಹುದು ಅದರಲ್ಲಿ).
ಜೇಬಿನಲ್ಲಿ ಪುದೀನ ಎಣ್ಣೆಯ ಗುಳಿಗೆ, ಹಿಂಡುವ ನೋವಿಗೆ ಇನ್ನೊಂದು.
ಹೊಟ್ಟೆಪಾಡಿಗೆ ಹೊರಟವಳಿಗೆ
ಹೊಟ್ಟೆಯದೇ ಪಾಡು.

ಮೂವತ್ತೆರಡು ನಿಲ್ದಾಣ. ಕಕ್ಕಸು ಒಂದೇ,
ಅದೂ ಕೊನೆಯಲ್ಲಿ, ಬೀಗ ಜಡಿದು.
ಊರವರಿಗೆ ಚರ್ಚು, ಬ್ಯಾಂಕು, ಮಾರುಕಟ್ಟೆ.
ನನಗೆ ಪೆಟ್ರೋಲ್ ಬಂಕು, ಹೂವಿನಂಗಡಿಯ ಹಿತ್ತಲು,
ಏನೂ ಕೇಳದ ಆ ದಂತವೈದ್ಯರ ಆಫೀಸು.

ಕ್ಯಾಮೆರಾ ಇಳಿಬಿಟ್ಟು ನೋಡಿದ್ದರು.
‘ಚೆನ್ನಾಗಿದೆ ಲುತ್ಸಿನಾ, ಎಲ್ಲ ಗುಲಾಬಿ ಬಣ್ಣ.’
ಏನೂ ಇಲ್ಲದ್ದು ಇಷ್ಟು ನೋಯುತ್ತದಾ, ಕೇಳಿದೆ.
ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿದಳು:
‘ನಿಮ್ಮ ಕರುಳಿಗೆ ಕಿವಿ ಜಾಸ್ತಿ.
ಬೇರೆಯವರದಕ್ಕೆ ಪಿಸುಮಾತು, ಇದಕ್ಕೆ ಕೂಗು.’

ಆರು ವಾರ ಎಲ್ಲ ಬಂದ್.
ಆಮೇಲೆ ಒಂದೊಂದನ್ನೇ ಒಳಗೆ ಕರೆದು ವಿಚಾರಣೆ.
ಡೈರಿಯಲ್ಲಿದೆ:
ಸೋಮವಾರ, ಅರ್ಧ ಎಸಳು ಬೆಳ್ಳುಳ್ಳಿ.
ಮಂಗಳವಾರ, ಪಶ್ಚಾತ್ತಾಪ.
ಗುರುವಾರ, ಬೆಳ್ಳುಳ್ಳಿ ಕಾಯಿಸಿ ತೆಗೆದುಬಿಟ್ಟ ಎಣ್ಣೆ. ಪರವಾಗಿಲ್ಲ!
ಭಾನುವಾರ, ಸೇಬು. ಬರೆಯಲಾರೆ.
ಈರುಳ್ಳಿಯ ಹಸಿರು ಬಾಲ ಗೆದ್ದಿತು, ಬಿಳಿ ತಲೆ ಸೋತಿತು.

ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಅತ್ತೆ ಗೆನೊವೆಫಾ ಮನೆಯಲ್ಲಿ
ಹನ್ನೆರಡು ಬಗೆ, ಒಂದನ್ನೂ ಬಿಡುವಂತಿಲ್ಲ.
ಬಟಾಣಿ ಬೆರೆಸಿದ ಕೋಸು, ಅಣಬೆ ತುಂಬಿದ ಕಡುಬು,
ಬೀಟ್‌ರೂಟಿನ ಕೆಂಪು ಸಾರು, ಜೇನು ಗಸಗಸೆಯ ಗೋಧಿ.
‘ರೇಷನ್ನಿನ ಕಾಲದಲ್ಲಿ ಸಿಕ್ಕಿದ್ದು ತಿಂದೆವು, ಅರಗಿತು’ ಎನ್ನುತ್ತಾಳೆ ಅತ್ತೆ,
ಉಪ್ಪಿನ ಡಬ್ಬಿಗೆ ಹೇಳುವ ಹಾಗೆ.
ಮೇಜಿನ ತುದಿಗೆ ವಾಡಿಕೆಯಂತೆ ಒಂದು ಖಾಲಿ ತಟ್ಟೆ,
ಕರೆಯದೆ ಬರುವ ಅತಿಥಿಗೆ.
ನನ್ನ ಅತಿಥಿ ಬಂದು ಹನ್ನೊಂದು ವರ್ಷವಾಯಿತು.
ಹೊರಡುವ ಮಾತೇ ಇಲ್ಲ.

ಕಾಗದದಷ್ಟು ತೆಳು ಬಿಲ್ಲೆ ಮುರಿದು ಹಂಚಿಕೊಂಡು
ವರ್ಷದ ತಪ್ಪುಗಳನ್ನೆಲ್ಲ ಹೊಟ್ಟೆಗೆ ಹಾಕಿಕೋ ಎನ್ನುವ ಹೊತ್ತು.
ಹಾಕಿಕೊಂಡೆ, ಅತ್ತೆ.
ಒಂದು ಚೂರು ಈರುಳ್ಳಿಯನ್ನು ಕ್ಷಮಿಸದ ಹೊಟ್ಟೆ ಇದು,
ನಿನ್ನನ್ನು ಹೇಗೋ ಕ್ಷಮಿಸಿತು.
ಆಮೇಲೆ ಬರಿದೆ ಬೇಯಿಸಿದ ಆಲೂಗಡ್ಡೆ, ಎರಡು ತುಂಡು ಮೀನು,
ಮತ್ತು ಯಾರೂ ನೋಡದಂತೆ ಅವಳೇ ನನ್ನ ಕಡೆ ಸರಿಸಿದ
ಒಂದು ಬಟ್ಟಲು, ಸಬ್ಬಸಿಗೆ ಉದುರಿಸಿದ ಗಜ್ಜರಿ.

ಫೆಬ್ರವರಿಯ ಒಂದು ಬೆಳಿಗ್ಗೆ,
ಹದಿನೇಳನೇ ನಿಲ್ದಾಣದಿಂದ ಹಲ್ಲು ಕಚ್ಚಿ ಬಂದವಳು
ಕೊನೆಯಲ್ಲಿ ಬೀಗದ ಮುಂದೆ ನಿಂತೆ. ಕೀಲಿ ಆಫೀಸಿನಲ್ಲಿ, ಆಫೀಸಿಗೆ ಬಾಗಿಲು.
ಅದನ್ನು ಇಲ್ಲಿ ಹೇಳುವುದಿಲ್ಲ.
ಟ್ರಾಮು ಒಂಬತ್ತು ನಿಮಿಷ ತಡ ಎಂದು ದಾಖಲಾಯಿತು, ಅಷ್ಟು ಸಾಕು.

ಮರುವಾರ ಇಗ್ನಾತ್ಸಿ, ಸಂಬಳದ ಚೀಟಿ ಕೊಡುವಾಗಲೂ ಮುಖ ಎತ್ತದವನು,
ಒಂದು ಹೊಸ ಕೀಲಿಯನ್ನು ಮೇಜಿನ ಮೇಲೆ ತಳ್ಳಿದ.
‘ನಕಲು ಮಾಡಿಸಿದೆ.’
ಸಹಿ ಹಾಕಲು ಪೆನ್ನು ಹುಡುಕಿ ಅವನು ಡ್ರಾಯರು ಎಳೆದಾಗ ಕಂಡಿತು,
ಅದೇ ಬಿಳಿ ಕ್ಯಾಪ್ಸೂಲಿನ ಹಾಳೆ,
ಆರು ಗುಳಿ ಖಾಲಿ.
ಡ್ರಾಯರು ಮುಚ್ಚಿತು. ಹವಾ ತುಂಬಾ ಚಳಿ ಎಂದ.
ಹೌದು, ಎಂದೆ.

ಬಳಸದೆ ಹದಿಮೂರು ದಿನವಾಯಿತು.
ಹದಿನೇಳರ ಬಳಿ ಮಾತ್ರ ಜೇಬಿಗೆ ಕೈ ಹೋಗುತ್ತದೆ,
ತಣ್ಣನೆಯ ಹಲ್ಲುಗಳನ್ನು ಹೆಬ್ಬೆರಳು ಎಣಿಸುತ್ತದೆ.
ಒಳಗೆ ಏನೋ ಕಿವಿ ತಗ್ಗಿಸುತ್ತದೆ.

ಈಗ ಹಿಂದಿನ ಸೀಟಿನ ಹುಡುಗ
ಹುರಿದ ಈರುಳ್ಳಿಯ ಬ್ರೆಡ್ಡು ಬಿಚ್ಚಿದ್ದಾನೆ.
ಆಹಾ, ಆ ವಾಸನೆ.
ಕಿಟಕಿ ತೆರೆಯಬೇಕು.
ಇನ್ನೊಂದು ನಿಲ್ದಾಣ ಬರಲಿ.